ಇ.ಸಿ.ಯಲ್ಲಿ ಏನೂ ಇಲ್ಲ ಅಂದರೆ ಆಸ್ತಿ ಕ್ಲಿಯರ್ ಅಂತಲಾ?

ಪ್ರಶ್ನೆ: ಸರ್, ಕೆ.ಆರ್. ಪುರದ ಕಡೆ ಒಂದು 30×40 ಸೈಟು ನೋಡಿದ್ದೇವೆ. ಅದರಲ್ಲಿ ಹಳೇ ಶೀಟಿನ ಮನೆ ಇದೆ. ಮಾರುವವರು 2009ರಲ್ಲಿ ಕೊಂಡಿದ್ದಂತೆ. ಬ್ರೋಕರ್ ವಾಟ್ಸಾಪ್‌ನಲ್ಲಿ ಕ್ರಯಪತ್ರದ ಫೋಟೋ, ಖಾತಾ, ಕಂದಾಯ ಕಟ್ಟಿದ ರಸೀದಿ, 2009ರಿಂದ ಈಚಿನ ಇ.ಸಿ. (ಋಣಭಾರ ಪ್ರಮಾಣಪತ್ರ, ಅಂದರೆ ಆಸ್ತಿಯ ಮೇಲೆ ನೋಂದಣಿಯಾದ ವ್ಯವಹಾರಗಳ ಪಟ್ಟಿ) ಕಳಿಸಿದ್ದಾರೆ. ಇ.ಸಿ.ಯಲ್ಲಿ ಇವರು ಕೊಂಡ ವ್ಯವಹಾರ ಬಿಟ್ಟರೆ ಬೇರೆ ಏನೂ ಇಲ್ಲ. 'ಎಲ್ಲಾ ಕ್ಲಿಯರ್, ಭಾನುವಾರ ಟೋಕನ್ ಕೊಟ್ಟುಬಿಡಿ' ಅನ್ನುತ್ತಿದ್ದಾರೆ. ವಕೀಲರ ಹತ್ತಿರ ಹೋಗುವ ಮೊದಲು ಸರ್ಕಾರಿ ದಾಖಲೆಗಳನ್ನು ನಾನೇ ಹುಡುಕಿ ನೋಡಬಹುದಾ? ಎಲ್ಲಿ, ಹೇಗೆ?

ಉತ್ತರ: ಧಾರಾಳವಾಗಿ ನೋಡಬಹುದು. ಮಾರುವವರ ಅಪ್ಪಣೆ ಬೇಕಿಲ್ಲ, ನೀವು ವಕೀಲರೇ ಆಗಿರಬೇಕು ಅಂತಲೂ ಇಲ್ಲ. ಸ್ಥಿರಾಸ್ತಿ ಪತ್ರಗಳೆಲ್ಲ ಸಬ್ ರಿಜಿಸ್ಟ್ರಾರ್ ಆಫೀಸಿನ ಒಂದನೇ ಪುಸ್ತಕಕ್ಕೆ ಹೋಗುತ್ತವೆ. 1908ರ ನೋಂದಣಿ ಕಾಯ್ದೆಯ 57ನೇ ಕಲಮಿನ ಪ್ರಕಾರ ಆ ಪುಸ್ತಕವನ್ನೂ ಅದರ ಇಂಡೆಕ್ಸನ್ನೂ ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು, ನಕಲು ತೆಗೆದುಕೊಳ್ಳಬಹುದು. ಪಹಣಿ (ಜಮೀನು ಯಾರ ಹೆಸರಿನಲ್ಲಿದೆ ಅನ್ನುವ ಕಂದಾಯ ದಾಖಲೆ), ಮ್ಯುಟೇಶನ್ (ಆ ಹೆಸರು ಬದಲಾದದ್ದರ ದಾಖಲೆ), ಗ್ರಾಮದ ನಕ್ಷೆ, ಕೋರ್ಟು ಕೇಸು, ಇವೂ ಹಾಗೆಯೇ. ಮನೆಯಲ್ಲಿ ಕೂತು ಫೋನಿನಲ್ಲೇ ಸಿಗುವುದು ಜಾಸ್ತಿ. ಹಳೆಯದಕ್ಕೆ ಮಾತ್ರ ಕಚೇರಿಗೆ ಹೋಗಬೇಕು.

ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು 'ಏನೂ ಇಲ್ಲ' ಅನ್ನುವ ಮಾತು. ಬ್ರೋಕರ್ ಅದನ್ನು ಒಳ್ಳೇ ಸುದ್ದಿಯಾಗಿ ಹೇಳಿದ್ದಾರೆ, ನೀವೂ ಹಾಗೇ ತಿಳಿದಿದ್ದೀರಿ. ಇ.ಸಿ. ಖಾಲಿ ಬರುವುದಕ್ಕೆ ಎರಡು ಕಾರಣ ಇರಬಹುದು. ನಿಜವಾಗಿಯೂ ಏನೂ ನಡೆದಿಲ್ಲ ಅನ್ನುವುದು ಒಂದು. ನಡೆದಿದೆ, ಆದರೆ ನೀವು ಕೇಳಿದ ನಂಬರಿನಲ್ಲಿ, ಕೇಳಿದ ವರ್ಷಗಳಲ್ಲಿ, ಕೇಳಿದ ಹಳ್ಳಿಯ ಹೆಸರಿನಲ್ಲಿ ನಡೆದಿಲ್ಲ ಅನ್ನುವುದು ಇನ್ನೊಂದು. ಕಂಪ್ಯೂಟರ್ ನಾವು ಟೈಪ್ ಮಾಡಿದ್ದಕ್ಕೆ ಮಾತ್ರ ಉತ್ತರ ಕೊಡುತ್ತದೆ. ಅರ್ಜಿ ಹಾಕಿದವರು ಯಾರು ಅನ್ನುವುದೂ ಮುಖ್ಯ. ಇಲ್ಲಿ ಹಾಕಿದ್ದು ಬ್ರೋಕರ್ ಅಥವಾ ಮಾರುವವರು. 2009ರಿಂದ ಅಂತ ಅವಧಿ ಆರಿಸಿಕೊಂಡವರೂ ಅವರೇ. ಅದರ ಹಿಂದೆ ಏನಿತ್ತು ಅಂತ ಕೇಳುವುದು ನಿಮ್ಮ ಕೆಲಸ.

ನಮ್ಮಲ್ಲಿ 'ಈ ಆಸ್ತಿಗೆ ಇವರೇ ಮಾಲೀಕರು' ಅಂತ ಗ್ಯಾರಂಟಿ ಕೊಡುವ ಕಚೇರಿ ಯಾವುದೂ ಇಲ್ಲ. ಸಬ್ ರಿಜಿಸ್ಟ್ರಾರ್ ಪತ್ರವನ್ನು ನೋಂದಾಯಿಸುತ್ತಾರೆ, ಹಕ್ಕನ್ನಲ್ಲ. ಪಾಲಿಕೆ ಖಾತಾ ಇಟ್ಟಿರುವುದು ತೆರಿಗೆ ಯಾರಿಂದ ವಸೂಲಿ ಮಾಡಬೇಕು ಅಂತ ತಿಳಿಯಲು. ಕಂದಾಯ ಇಲಾಖೆಯ ಪಹಣಿ ಶುರುವಾದದ್ದೂ ಜಮೀನಿನ ಕಂದಾಯಕ್ಕಾಗಿಯೇ. ಒಬ್ಬೊಬ್ಬರದೂ ಒಂದೊಂದು ಲೆಕ್ಕ. ಹಾಗಾಗಿ ಒಂದು ದಾಖಲೆ ಹಿಡಿದು ಸಮಾಧಾನ ಪಡಬೇಡಿ. ಈ ಮೂರೂ ಎಲ್ಲಿ ಒಂದಕ್ಕೊಂದು ಹೊಂದುವುದಿಲ್ಲ ಅಂತ ಹುಡುಕಿ. ತಕರಾರು ಇದ್ದರೆ ಸಾಮಾನ್ಯವಾಗಿ ಅಲ್ಲೇ ಸಿಗುತ್ತದೆ.

ಮೊದಲು ಕ್ರಯಪತ್ರದ ಕೊನೆಯ ಪುಟ ತೆಗೆಯಿರಿ. 'ಷೆಡ್ಯೂಲು' ಅಂತ ಇರುತ್ತದಲ್ಲ, ಅದು. ಬೆಲೆ, ಹೆಸರು, ಷರತ್ತು ಎಲ್ಲ ಆಮೇಲೆ. ಷೆಡ್ಯೂಲಿನಲ್ಲಿ ಸೈಟ್ ನಂಬರ್, ಖಾತಾ ನಂಬರ್, ಸರ್ವೆ ನಂಬರ್, ಗ್ರಾಮ, ಹೋಬಳಿ, ತಾಲ್ಲೂಕು, ಅಳತೆ, ಚಕ್ಕುಬಂದಿ (ನಾಲ್ಕು ಕಡೆಯ ಗಡಿಯಲ್ಲಿ ಏನಿದೆ ಅನ್ನುವುದು) ಇರುತ್ತವೆ. ಇದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಯಾಕೆಂದರೆ ಬೆಂಗಳೂರಿನ ಅಂಚಿನ ಸೈಟಿಗೆ ಒಂದೇ ಗುರುತು ಇರುವುದಿಲ್ಲ. ಮೊದಲು ಅದು ಒಂದು ಸರ್ವೆ ನಂಬರಿನ ಹೊಲ. ಲೇಔಟ್ ಆದ ಮೇಲೆ ಸೈಟ್ ನಂಬರ್ ಬಂತು. ಗ್ರಾಮ ಪಂಚಾಯ್ತಿಯೋ ನಗರಸಭೆಯೋ ಒಂದು ಖಾತಾ ನಂಬರ್ ಕೊಟ್ಟಿತು. 2007ರಲ್ಲಿ ಸುತ್ತಲಿನ ನಗರಸಭೆಗಳು, ಕೆಂಗೇರಿ ಪುರಸಭೆ ಮತ್ತು 110 ಹಳ್ಳಿ ಸೇರಿ ಬಿಬಿಎಂಪಿ ಆದಾಗ ಇನ್ನೊಂದು ನಂಬರ್ ಬಂತು. ಈಗ ಇ-ಖಾತಾದಲ್ಲಿ ಇಪಿಐಡಿ ಅಂತ ಮತ್ತೊಂದು. ತಾಲ್ಲೂಕಿನ ಹೆಸರೂ ಬದಲಾಗಿದೆ. ಕೆ.ಆರ್. ಪುರ ಹೋಬಳಿ ಈಗ ಬೆಂಗಳೂರು ಪೂರ್ವ ತಾಲ್ಲೂಕು. ತೊಂಬತ್ತರ ದಶಕದ ಪತ್ರ ತೆಗೆದರೆ ಬೆಂಗಳೂರು ದಕ್ಷಿಣ ತಾಲ್ಲೂಕು ಅಂತ ಇರುತ್ತದೆ. ಎರಡೂ ಸರಿ, ಗಾಬರಿಯಾಗಬೇಡಿ.

ಈ ಎಲ್ಲ ಗುರುತುಗಳಲ್ಲೂ ಬೇರೆ ಬೇರೆಯಾಗಿ ಇ.ಸಿ. ಹುಡುಕಬೇಕು. ನೋಂದಣಿ ಇಲಾಖೆಯ ಕಾವೇರಿ 2.0 ಜಾಲತಾಣದಲ್ಲಿ ಮೊಬೈಲ್ ನಂಬರ್ ಕೊಟ್ಟು ಒಂದು ಖಾತೆ ತೆರೆದರೆ ಆಯಿತು. 2004ರ ಏಪ್ರಿಲ್ 1ರಿಂದ ಈಚಿನ ನೋಂದಣಿಗಳು ಅಲ್ಲಿ ಸಿಗುತ್ತವೆ. ಆಸ್ತಿಯ ವಿವರ ಕೊಟ್ಟೂ ಹುಡುಕಬಹುದು, ಪಾರ್ಟಿಯ ಹೆಸರು ಕೊಟ್ಟೂ ಹುಡುಕಬಹುದು. ಮೊದಲು ಸೈಟ್ ನಂಬರ್, ಆಮೇಲೆ ಹಳೇ ಖಾತಾ ನಂಬರ್, ಆಮೇಲೆ ಬರೀ ಸರ್ವೆ ನಂಬರ್. ವ್ಯವಹಾರ ಇದ್ದರೆ ನಮೂನೆ 15ರಲ್ಲಿ ಪಟ್ಟಿ ಬರುತ್ತದೆ, ಇಲ್ಲದಿದ್ದರೆ ನಮೂನೆ 16, ಅಂದರೆ ಜನ 'ನಿಲ್ ಇ.ಸಿ.' ಅನ್ನುವುದು.

ಸರ್ವೆ ನಂಬರ್ ಹಾಕಿ ತೆಗೆದ ಇ.ಸಿ. ಉದ್ದ ಬರುತ್ತದೆ. ಆ ಲೇಔಟಿನ ಹತ್ತಾರು ಸೈಟುಗಳ ವ್ಯವಹಾರ ಎಲ್ಲ ಅದರಲ್ಲಿ ಇರುತ್ತದೆ. ಓದಲು ಬೇಜಾರು, ಆದರೆ ಇದರಷ್ಟು ಉಪಯೋಗದ ಕಾಗದ ಇನ್ನೊಂದಿಲ್ಲ. ನಿಮ್ಮ ಸೈಟಿನ ನಂಬರ್ ಎರಡು ಕಡೆ ಬಂದಿದೆಯಾ, ಒಂದೇ ನಂಬರನ್ನು ಬೇರೆ ಬೇರೆಯವರಿಗೆ ಮಾರಿದ್ದಾರಾ ನೋಡಿ. ಪಕ್ಕದ ಸೈಟಿನವರ ಚಕ್ಕುಬಂದಿಯಲ್ಲಿ ನಿಮ್ಮ ಸೈಟು ಇರುವ ದಿಕ್ಕಿಗೆ ಏನು ಬರೆದಿದ್ದಾರೆ ನೋಡಿ. ನಿಮ್ಮ ಪತ್ರದಲ್ಲಿ 'ಪೂರ್ವಕ್ಕೆ ಸೈಟ್ ನಂ. 18' ಅಂತಿದ್ದರೆ 18ನೇ ಸೈಟಿನವರ ಪತ್ರದಲ್ಲಿ 'ಪಶ್ಚಿಮಕ್ಕೆ ಸೈಟ್ ನಂ. 17' ಅಂತ ಇರಲೇಬೇಕು. ಅಲ್ಲಿ 'ಪಶ್ಚಿಮಕ್ಕೆ ರಸ್ತೆ' ಅಂತಿದ್ದರೆ? ಒಂದೋ ಬರೆದವರು ತಪ್ಪಿದ್ದಾರೆ, ಇಲ್ಲವೇ ನೀವು ಕೊಳ್ಳಲು ಹೊರಟಿರುವುದು ರಸ್ತೆಯನ್ನು.

ಇನ್ನೂ ಒಂದು ಲೆಕ್ಕ ಹಾಕಿ. ಒಂದು ಗುಂಟೆ ಅಂದರೆ 1,089 ಚದರಡಿ, ಒಂದು ಎಕರೆಗೆ 40 ಗುಂಟೆ, ಅಂದರೆ 43,560 ಚದರಡಿ. ಆ ಸರ್ವೆ ನಂಬರ್ ಒಂದು ಎಕರೆ ಇದ್ದು, ಇ.ಸಿ.ಯಲ್ಲಿ 30×40ರ ನಲವತ್ತು ಸೈಟು ಮಾರಿದ್ದು ಕಂಡರೆ ಅಲ್ಲಿಗೇ 48,000 ಚದರಡಿ ಆಯಿತು. ಅದರಲ್ಲಿ ರಸ್ತೆಗೆ ಇನ್ನೂ ಒಂದಡಿಯೂ ಬಿಟ್ಟಿಲ್ಲ! ಇಂಥ ಕಡೆ ಕೊನೆಯಲ್ಲಿ ಕೊಂಡವರಿಗೆ ಪತ್ರ ಇರುತ್ತದೆ, ನೆಲ ಇರುವುದಿಲ್ಲ.

ಹೆಸರಿನಲ್ಲಿ ಹುಡುಕುವಾಗ ತಾಳ್ಮೆ ಬೇಕು. ಮುನಿಯಪ್ಪ, ಮುನಿಶಾಮಪ್ಪ, ಮುನಿಸ್ವಾಮಪ್ಪ ಮೂವರೂ ಒಬ್ಬರೇ ಇರಬಹುದು, ಬೇರೆಯವರೂ ಇರಬಹುದು. ಇನಿಶಿಯಲ್ ಒಂದು ಪತ್ರದಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ. ಗಂಡನ ಹೆಸರು ಸೇರಿಸಿ ಒಂದು ಕಡೆ, ತಂದೆಯ ಹೆಸರು ಸೇರಿಸಿ ಇನ್ನೊಂದು ಕಡೆ. ಕಾಗುಣಿತ ಬದಲಿಸಿ ಬದಲಿಸಿ ನೋಡುವುದೊಂದೇ ದಾರಿ. ಹೆಸರು ಪೂರ್ತಿ ಹಾಕುವುದಕ್ಕಿಂತ ಮೊದಲ ಭಾಗ ಹಾಕಿದರೆ ಬಲೆಗೆ ಬೀಳುವುದು ಜಾಸ್ತಿ.

2004ಕ್ಕಿಂತ ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಆಫೀಸಿಗೇ ಹೋಗಿ ಅರ್ಜಿ ಕೊಡಬೇಕು. ಅಲ್ಲಿ ಕೈಬರಹದ ಇಂಡೆಕ್ಸ್ ಪುಸ್ತಕ ತಿರುವಿ ಇ.ಸಿ. ಬರೆದುಕೊಡುತ್ತಾರೆ. ಯಾವ ಆಫೀಸು ಅನ್ನುವುದನ್ನು ಮೊದಲು ತಿಳಿದುಕೊಳ್ಳಿ. ಈಗ ನಿಮ್ಮ ಸೈಟಿಗೆ ಸೇರಿದ ಆಫೀಸು ಆಗ ಇರದೇ ಇರಬಹುದು. ಕ್ರಯಪತ್ರದ ಹಿಂಬದಿಯ ಮುದ್ರೆಯಲ್ಲಿ ನೋಂದಣಿಯಾದ ಕಚೇರಿ, ದಾಖಲೆ ನಂಬರ್, ವರ್ಷ, ಪುಸ್ತಕದ ಸಂಪುಟ, ಪುಟ ಎಲ್ಲ ಇರುತ್ತವೆ. ಅದನ್ನೇ ಹಿಡಿದು ಹೋಗಿ.

ಎಷ್ಟು ವರ್ಷ ಹಿಂದಕ್ಕೆ? ಬ್ಯಾಂಕುಗಳು ಕೆಲವು ಸಲ 13 ವರ್ಷಕ್ಕೆ ತೃಪ್ತಿಪಡುತ್ತವೆ. ನಾನು 30ಕ್ಕಿಂತ ಕಡಿಮೆ ಒಪ್ಪುವುದಿಲ್ಲ. 1963ರ ಕಾಲಮಿತಿ ಕಾಯ್ದೆಯಲ್ಲಿ ಖಾಸಗಿಯವರು ಸ್ವಾಧೀನಕ್ಕೆ ದಾವೆ ಹಾಕಲು 12 ವರ್ಷ, ಅಡಮಾನ ಬಿಡಿಸಿಕೊಳ್ಳಲು 30 ವರ್ಷ, ಸರ್ಕಾರಕ್ಕೂ 30 ವರ್ಷ ಅವಕಾಶ ಇದೆ. ಹಾಗಾಗಿ ಮೂವತ್ತು ಅನ್ನುವುದು ಸುಮ್ನೆ ಬಂದ ಅಂಕಿಯಲ್ಲ. ನಿಮ್ಮ ಸೈಟಿನ ವಿಷಯದಲ್ಲಿ ಹೊಲ ಲೇಔಟ್ ಆದ ಕಾಲದವರೆಗೂ, ಸಾಧ್ಯವಾದರೆ ಆ ರೈತನಿಗೆ ಹೊಲ ಹೇಗೆ ಬಂತು ಅನ್ನುವವರೆಗೂ ಹೋಗಬೇಕು.

ಇ.ಸಿ. ಬರೀ ಪಟ್ಟಿ ಅಷ್ಟೆ. ಅದರಲ್ಲಿ ಕಂಡ ಪ್ರತಿಯೊಂದು ಪತ್ರದ ದೃಢೀಕೃತ ನಕಲು, ಅಂದರೆ ಸಿ.ಸಿ. ತೆಗೆಸಿ. ವಾಟ್ಸಾಪ್‌ನಲ್ಲಿ ಬಂದ ಫೋಟೋ ಪಕ್ಕದಲ್ಲಿಟ್ಟು ಓದಿ. ಒಂದು ಪುಟ ಬದಲಾಗಿದ್ದರೂ, ಒಂದು ಅಳತೆ ತಿದ್ದಿದ್ದರೂ ಇಲ್ಲೇ ಗೊತ್ತಾಗುತ್ತದೆ. ಈ ಖರ್ಚಿಗೆ ಕಂಜೂಸಿ ಮಾಡಬೇಡಿ.

ಓದುವಾಗ ಮಾರಿದವರು ಯಾರು ಅನ್ನುವುದನ್ನು ಗಮನಿಸಿ. ನಿಮ್ಮ ಕಡೆಯ ಲೇಔಟುಗಳಲ್ಲಿ ರೈತ ತಾನೇ ಬಂದು ಸಹಿ ಹಾಕಿರುವುದು ಕಡಿಮೆ. 'ಇವರ ಜಿಪಿಎ ಹೋಲ್ಡರ್' ಅಂತ ಇನ್ಯಾರೋ ಹಾಕಿರುತ್ತಾರೆ. ಜಿಪಿಎ ಅಂದರೆ ತನ್ನ ಪರವಾಗಿ ವ್ಯವಹಾರ ಮಾಡಲು ಇನ್ನೊಬ್ಬರಿಗೆ ಅಧಿಕಾರ ಕೊಡುವ ಪತ್ರ. ಜಿಪಿಎಗಳು ಸಾಮಾನ್ಯವಾಗಿ ನಾಲ್ಕನೇ ಪುಸ್ತಕಕ್ಕೆ ಹೋಗುತ್ತವೆ, ಉಯಿಲು ಮೂರನೇ ಪುಸ್ತಕಕ್ಕೆ. ಇವೆರಡೂ ಒಂದನೇ ಪುಸ್ತಕದ ಹಾಗೆ ಎಲ್ಲರಿಗೂ ತೆರೆದಿಲ್ಲ, ಇ.ಸಿ.ಯಲ್ಲೂ ಸಾಮಾನ್ಯವಾಗಿ ಕಾಣುವುದಿಲ್ಲ. ಆದ್ದರಿಂದ ಜಿಪಿಎಯ ನಕಲನ್ನು ಮಾರುವವರಿಂದಲೇ ಕೇಳಬೇಕು. ಕೊಟ್ಟ ಮೇಲೆ ಎರಡು ತಾರೀಖು ನೋಡಿ: ಜಿಪಿಎ ಬರೆದುಕೊಟ್ಟ ರೈತ ತೀರಿಕೊಂಡದ್ದು ಯಾವಾಗ, ಜಿಪಿಎ ಹೋಲ್ಡರ್ ಕ್ರಯಪತ್ರಕ್ಕೆ ಸಹಿ ಹಾಕಿದ್ದು ಯಾವಾಗ. ಬರೆದುಕೊಟ್ಟವರು ತೀರಿಕೊಂಡರೆ ಅಧಿಕಾರವೂ ಸಾಮಾನ್ಯವಾಗಿ ಅಲ್ಲಿಗೇ ಮುಗಿಯುತ್ತದೆ. ಇನ್ನು ಕ್ರಯಪತ್ರವೇ ಇಲ್ಲದೆ ಬರೀ ಜಿಪಿಎ, ಕರಾರು, ಅಫಿಡವಿಟ್ಟಿನ ಮೇಲೆ ಕೈ ಬದಲಾಗಿದ್ದರೆ ಹಕ್ಕು ಬಂದಿಲ್ಲ ಅಂತಲೇ ಲೆಕ್ಕ. ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2011ರಲ್ಲೇ ಇದನ್ನು ಸ್ಪಷ್ಟವಾಗಿ ಹೇಳಿದೆ.

ಮನೆತನದ ವಿಷಯ ಇನ್ನೊಂದು. ರೈತನ ಹೊಲ ಪಿತ್ರಾರ್ಜಿತವಾಗಿದ್ದರೆ ವಂಶವೃಕ್ಷ ತರಿಸಿ, ಯಾರ್ಯಾರು ಸಹಿ ಹಾಕಿದ್ದಾರೆ ನೋಡಿ. ಗಂಡು ಮಕ್ಕಳೆಲ್ಲ ಸಹಿ ಹಾಕಿ ಹೆಣ್ಣು ಮಕ್ಕಳನ್ನು ಬಿಟ್ಟಿರುವುದು ಮಾಮೂಲು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಲ್ಲಿ ಹೆಣ್ಣು ಮಕ್ಕಳಿಗೆ ಸಮಪಾಲು ಬಂತು, 2004ರ ಡಿಸೆಂಬರ್ 20ಕ್ಕೆ ಮೊದಲೇ ಆಗಿಹೋದ ಮಾರಾಟ, ವಿಭಾಗಗಳಿಗೆ ಅದು ತಟ್ಟುವುದಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಕರ್ನಾಟಕದಲ್ಲಿ 1994ರ ಜುಲೈ 30ರಿಂದಲೇ ಮದುವೆಯಾಗದ ಹೆಣ್ಣು ಮಕ್ಕಳಿಗೆ ಪಾಲಿತ್ತು. ಇದು ಬ್ರೋಕರುಗಳಿಗೆ ಇರಲಿ, ಕೆಲವು ಪತ್ರ ಬರಹಗಾರರಿಗೂ ನೆನಪಿರುವುದಿಲ್ಲ. ನಿಮ್ಮ ಲೇಔಟ್ ತೊಂಬತ್ತರ ದಶಕದ್ದಾಗಿದ್ದರೆ ಈ ತಾರೀಖನ್ನು ನಿಮ್ಮ ವಕೀಲರ ಗಮನಕ್ಕೆ ತನ್ನಿ.

ಈಗ ನೆಲಕ್ಕೆ ಬರೋಣ. ಸೈಟಿನ ಮೇಲೆ ನಿಂತು ಫೋನಿನಲ್ಲಿ 'ದಿಶಾಂಕ್' ಆ್ಯಪ್ ತೆರೆಯಿರಿ. ಉಚಿತ. ಕಂದಾಯ ಇಲಾಖೆಯ ಗ್ರಾಮ ನಕ್ಷೆಗಳನ್ನು ಜೋಡಿಸಿ ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರ ಮಾಡಿಕೊಟ್ಟದ್ದು. ನೀವು ನಿಂತಿರುವ ಜಾಗ ಯಾವ ಗ್ರಾಮದ ಯಾವ ಸರ್ವೆ ನಂಬರ್ ಅಂತ ಅದು ತೋರಿಸುತ್ತದೆ. ಪತ್ರದಲ್ಲಿ ಸರ್ವೆ ನಂಬರ್ 45 ಅಂತಿದ್ದು ಆ್ಯಪ್ 47 ತೋರಿಸಿದರೆ, ಸೈಟಿನ ಬೇರೆ ಬೇರೆ ಮೂಲೆಯಲ್ಲಿ ನಿಂತು ಮತ್ತೆ ನೋಡಿ. ಜಿಪಿಎಸ್ ಹತ್ತಾರು ಅಡಿ ಆಚೀಚೆ ಆಗುವುದುಂಟು. ಎಲ್ಲಿ ನಿಂತರೂ 47ನ್ನೇ ತೋರಿಸಿದರೆ ಅದಕ್ಕೆ ಉತ್ತರ ಬೇಕು. ನಕ್ಷೆಯಲ್ಲಿ ಕೆರೆ, ಹಳ್ಳ, ರಾಜಕಾಲುವೆ ಗೆರೆಗಳೂ ಕಾಣುತ್ತವೆ. ಈಗ ಅಲ್ಲಿ ಕಾಂಕ್ರೀಟ್ ರಸ್ತೆ ಇದ್ದರೂ ಹಳೇ ನಕ್ಷೆಯಲ್ಲಿ ಕಾಲುವೆ ಇದ್ದರೆ ಅದು ಕಾಲುವೆಯೇ. ಆದರೆ ಗಡಿ ಗಲಾಟೆಯನ್ನು ಈ ಆ್ಯಪ್ ಹಿಡಿದು ತೀರ್ಮಾನ ಮಾಡಲು ಹೋಗಬೇಡಿ. ಅದಕ್ಕೆ ಸರ್ವೆಯವರು ಬಂದು ಅಳೆಯಬೇಕು.

ಸರ್ವೆ ನಂಬರ್ ಖಚಿತವಾದ ಮೇಲೆ ಕಂದಾಯ ಇಲಾಖೆಯ 'ಭೂಮಿ' ಜಾಲತಾಣದಲ್ಲಿ ಪಹಣಿ ತೆಗೆಯಿರಿ. 'ಇದು ಸೈಟು ಸರ್, ಪಹಣಿ ಯಾಕೆ?' ಅಂತ ಬ್ರೋಕರ್ ಕೇಳುತ್ತಾರೆ. ಇಲ್ಲೇ ನೋಡಬೇಕಾದ್ದು ಇರುವುದು. ಒಂಬತ್ತನೇ ಕಾಲಮಿನಲ್ಲಿ ಸ್ವಾಧೀನದಾರರ ಹೆಸರು, ಹತ್ತರಲ್ಲಿ ಅದು ಹೇಗೆ ಬಂತು ಅಂತ ಮ್ಯುಟೇಶನ್ ನಂಬರ್, ಹನ್ನೊಂದರಲ್ಲಿ ಹಕ್ಕುಗಳು ಮತ್ತು ಋಣಗಳು. ಹನ್ನೊಂದರಲ್ಲಿ ಬ್ಯಾಂಕ್ ಅಥವಾ ಸೊಸೈಟಿ ಸಾಲ, ಕೋರ್ಟಿನ ತಡೆಯಾಜ್ಞೆ, ಭೂಸ್ವಾಧೀನದ ಟಿಪ್ಪಣಿ ಏನಾದರೂ ಇದ್ದರೆ ನಿಂತು ಓದಿ. ಎಷ್ಟೋ ಲೇಔಟುಗಳ ಪಹಣಿಯಲ್ಲಿ ಇವತ್ತಿಗೂ ಹಳೇ ರೈತನ ಹೆಸರೇ ಇರುತ್ತದೆ. ಸೈಟು ಕೊಂಡವರು ಯಾರೂ ಪಹಣಿ ಕಡೆ ತಲೆ ಹಾಕಿರುವುದಿಲ್ಲ. ಈ ರೈತ ತೀರಿಕೊಂಡ ಮೇಲೆ ಮಕ್ಕಳು ಪೌತಿ ಖಾತೆ ಮಾಡಿಸಿ, ಅಂದರೆ ಪಹಣಿಯನ್ನು ವಾರಸುದಾರರಾಗಿ ತಮ್ಮ ಹೆಸರಿಗೆ ಮಾಡಿಸಿಕೊಂಡು ಇಡೀ ಹೊಲವನ್ನು ಇನ್ನೊಬ್ಬರಿಗೆ ಬರೆದುಕೊಟ್ಟ ಪ್ರಸಂಗಗಳು ಇವೆ. ಸರ್ವೆ ನಂಬರಿನಲ್ಲಿ ಇ.ಸಿ. ತೆಗೆಯಿರಿ ಅಂತ ಒತ್ತಿ ಹೇಳಿದ್ದು ಇದಕ್ಕೂ ಸೇರಿಸಿಯೇ.

ಪಹಣಿಯಲ್ಲಿ ಖರಾಬು ಎಷ್ಟಿದೆ ನೋಡಿ. 'ಅ' ಖರಾಬು ಬೇಸಾಯಕ್ಕೆ ಬಾರದ ಜಾಗ. 'ಬ' ಖರಾಬು ದಾರಿ, ಹಳ್ಳ, ಸ್ಮಶಾನದಂಥ ಸಾರ್ವಜನಿಕ ಉಪಯೋಗದ್ದು, ಅದನ್ನು ಮಾರುವ ಹಕ್ಕು ಯಾರಿಗೂ ಇಲ್ಲ. ಭೂಪರಿವರ್ತನೆ, ಅಂದರೆ ಹೊಲವನ್ನು ಬೇರೆ ಉಪಯೋಗಕ್ಕೆ ಬದಲಿಸಲು ಅನುಮತಿ, ಆಗಿದೆಯಾ ಅನ್ನುವುದು ಮುಂದಿನ ಪ್ರಶ್ನೆ. 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಜಿಲ್ಲಾಧಿಕಾರಿಗಳ ಆದೇಶ ಇರಬೇಕು. ಆದೇಶದ ನಂಬರ್ ಇದ್ದರೆ ಸಾಲದು, ಅದರಲ್ಲಿ ಎಷ್ಟು ಗುಂಟೆ ಅಂತ ಬರೆದಿದೆ ನೋಡಿ. ನಾಲ್ಕು ಎಕರೆಯಲ್ಲಿ ಒಂದು ಎಕರೆಗೆ ಆದೇಶ ತಂದು ನಾಲ್ಕಕ್ಕೂ ಅದನ್ನೇ ತೋರಿಸುವವರಿದ್ದಾರೆ.

ನೆಲದ ಮೂಲ ಯಾವುದು ಅನ್ನುವುದಕ್ಕೆ ಹಳೇ ಮ್ಯುಟೇಶನ್ ಬೇಕು. ಪಿತ್ರಾರ್ಜಿತವಾ, ಇನಾಂ ಜಮೀನಾ, ಭೂನ್ಯಾಯ ಮಂಡಳಿಯಿಂದ ಗೇಣಿದಾರರಿಗೆ ಬಂದದ್ದಾ, ಸರ್ಕಾರ ಸಾಗುವಳಿ ಚೀಟಿ ಕೊಟ್ಟ ದರಖಾಸ್ತು ಜಮೀನಾ? ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾಗಿದ್ದರೆ ತುಂಬಾ ಹುಷಾರು. 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಸರ್ಕಾರದ ಅನುಮತಿ ಇಲ್ಲದೆ ಅದನ್ನು ಮಾರಿದ್ದು ಅಸಿಂಧು, ಜಮೀನು ಮೂಲದವರಿಗೆ ವಾಪಸು ಹೋಗುತ್ತದೆ. ತುಂಬಾ ತಡವಾಗಿ ಹಾಕಿದ ಅರ್ಜಿಗಳನ್ನು ಕೋರ್ಟುಗಳು ತಿರಸ್ಕರಿಸುತ್ತಿದ್ದವು. ಅದಕ್ಕಾಗಿ 2023ರಲ್ಲಿ ತಿದ್ದುಪಡಿ ತಂದು ಇದಕ್ಕೆ ಕಾಲಮಿತಿ ಇಲ್ಲ ಅಂತ ಮಾಡಿದ್ದಾರೆ. ಬಡವರ ಜಮೀನು ಹೇಗೆ ಕೈತಪ್ಪಿ ಹೋಗುತ್ತಿತ್ತು ಅಂತ ನೋಡಿದವರಿಗೆ ಈ ಕಾಯ್ದೆ ಯಾಕೆ ಬೇಕಿತ್ತು ಅಂತ ಗೊತ್ತು. ಆದರೆ ಕೊಳ್ಳುವವರು ಇದನ್ನು ಮೊದಲೇ ತಿಳಿಯದಿದ್ದರೆ ದುಡ್ಡೂ ಹೋಯಿತು, ಸೈಟೂ ಹೋಯಿತು. ಹಳೇ ಕೈಬರಹದ ಪಹಣಿ, ಮಂಜೂರಾತಿ ಕಡತ ಎಲ್ಲ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಇರುತ್ತವೆ. ಭೂ ಸುರಕ್ಷಾ ಯೋಜನೆಯಲ್ಲಿ ಇವುಗಳನ್ನು ಸ್ಕ್ಯಾನ್ ಮಾಡುವ ಕೆಲಸ ನಡೆಯುತ್ತಿದೆ. ಕಡತ ಸಿಗುತ್ತಿಲ್ಲ ಅಂತ ಅಲೆದಾಡಿಸಿದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕದ ಅರ್ಜಿ ಹಾಕಿ. 'ಕಡತ ಲಭ್ಯವಿಲ್ಲ' ಅಂತ ಲಿಖಿತವಾಗಿ ಬಂದರೆ ಅದೂ ನಿಮಗೆ ಒಂದು ಉತ್ತರವೇ.

ಖಾತಾ ವಿಷಯ ಬೇಗ ಮುಗಿಸುತ್ತೇನೆ, ಯಾಕೆಂದರೆ ಜನ ಇದಕ್ಕೆ ಬೇಕಾದ್ದಕ್ಕಿಂತ ಜಾಸ್ತಿ ಬೆಲೆ ಕೊಡುತ್ತಾರೆ. 2024ರ ಅಕ್ಟೋಬರ್‌ನಿಂದ ಬೆಂಗಳೂರಿನಲ್ಲಿ ಇ-ಖಾತಾ ಇಲ್ಲದೆ ಕ್ರಯಪತ್ರ ನೋಂದಣಿಯಾಗುವುದಿಲ್ಲ. ಹಾಗಾಗಿ ಅದು ಬೇಕೇ ಬೇಕು. ಇ-ಆಸ್ತಿ ಜಾಲತಾಣದಲ್ಲಿ ವಾರ್ಡ್ ಆರಿಸಿ ಕರಡು ಇ-ಖಾತಾ ನೋಡಬಹುದು. ಹೆಸರು, ಅಳತೆ, ಚಕ್ಕುಬಂದಿ ಕ್ರಯಪತ್ರದ ಜೊತೆ ತಾಳೆ ಹಾಕಿ. 'ಎ' ಖಾತಾನಾ, 'ಬಿ' ಖಾತಾನಾ ನೋಡಿ. 'ಬಿ' ಆದರೆ ಪರಿವರ್ತನೆ, ಲೇಔಟ್ ಮಂಜೂರಾತಿ ಇಂಥದ್ದರಲ್ಲಿ ಏನೋ ಕೊರತೆ ಇದೆ ಅಂತ ಅರ್ಥ. ಬ್ಯಾಂಕ್ ಸಾಲ, ಕಟ್ಟಡದ ನಕ್ಷೆ ಎರಡಕ್ಕೂ ತೊಡಕು. ಆದರೆ 'ಎ' ಖಾತಾ ಇದೆ ಅಂದ ಮಾತ್ರಕ್ಕೆ ಮಾಲೀಕತ್ವ ಸಾಬೀತಾಗುವುದಿಲ್ಲ. ಕಂದಾಯದ ರಸೀದಿಯೂ ಅಷ್ಟೇ, ಕಟ್ಟುತ್ತೇನೆ ಅಂದರೆ ಯಾರ ಹತ್ತಿರ ಆದರೂ ಪಾಲಿಕೆ ತೆಗೆದುಕೊಳ್ಳುತ್ತದೆ. ಇನ್ನೊಂದು ಸಂಗತಿ: 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳಾಗಿವೆ. ಕೆ.ಆರ್. ಪುರ ಈಗ ಬೆಂಗಳೂರು ಪೂರ್ವ ನಗರ ಪಾಲಿಕೆಗೆ ಸೇರುತ್ತದೆ. ಅರ್ಜಿ, ದೂರು ಏನಿದ್ದರೂ ಅಲ್ಲಿಗೆ.

ಬಿಡಿಎ, ಅಂದರೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಕಡೆಯೂ ಒಂದು ಕಣ್ಣು ಹಾಯಿಸಿ. ಜಮೀನು ಸ್ವಾಧೀನಕ್ಕೆ ಬಿಡಿಎ ಕಾಯ್ದೆಯಲ್ಲಿ 17ನೇ ಕಲಮಿನ ಪ್ರಾಥಮಿಕ ಅಧಿಸೂಚನೆ, 19ರ ಅಂತಿಮ ಅಧಿಸೂಚನೆ ಅಂತ ಎರಡು ಹಂತ. ಎರಡರಲ್ಲೂ ಸರ್ವೆ ನಂಬರುಗಳ ಪಟ್ಟಿ ರಾಜ್ಯಪತ್ರದಲ್ಲಿ ಬರುತ್ತದೆ. ನೆಲದ ಮೇಲೆ ಏನೂ ಕೆಲಸ ಶುರುವಾಗಿಲ್ಲ ಅಂತ ನೆಮ್ಮದಿಯಾಗಿರಬೇಡಿ. ಪೆರಿಫೆರಲ್ ರಿಂಗ್ ರಸ್ತೆಗೆ ಅಂತಿಮ ಅಧಿಸೂಚನೆ ಬಂದದ್ದು 2007ರಲ್ಲಿ. ನಿಮ್ಮ ತಾಲ್ಲೂಕಿನ ಮೂಲಕವೂ ಹೋಗುವ ಆ ರಸ್ತೆಯ ಜಮೀನಿನ ಕಥೆ ಹದಿನೆಂಟು ವರ್ಷ ಕಳೆದರೂ ಮುಗಿದಿರಲಿಲ್ಲ. ಅಂಥ ಸರ್ವೆ ನಂಬರಿನಲ್ಲಿ ಸೈಟು ಕೊಂಡವರು ಮನೆಯನ್ನೂ ಕಟ್ಟಲಾರರು, ಮಾರಲೂ ಆರರು. ಬಿಡಿಎಗೆ ಸರ್ವೆ ನಂಬರ್ ಬರೆದು ಅರ್ಜಿ ಕೊಟ್ಟರೆ ಸ್ವಾಧೀನದಲ್ಲಿ ಇದೆಯೋ ಇಲ್ಲವೋ ಅಂತ ಬರೆದುಕೊಡುತ್ತಾರೆ. ಮಾಸ್ಟರ್ ಪ್ಲಾನ್ 2015ರ ನಕ್ಷೆಯಲ್ಲಿ ನಿಮ್ಮ ಜಾಗ ಯಾವ ವಲಯ, ಪಕ್ಕದಲ್ಲಿ ಯಾವ ರಸ್ತೆ ಅಗಲವಾಗಲಿದೆ ಅನ್ನುವುದೂ ಕಾಣುತ್ತದೆ.

ಇ.ಸಿ.ಯ ಕಣ್ಣಿಗೆ ಬೀಳದೆ ಉಳಿಯಬಹುದಾದ ಎರಡು ವಿಷಯ ಇವೆ. ಒಂದು, ಮೂಲ ಪತ್ರಗಳನ್ನು ಬ್ಯಾಂಕಿನಲ್ಲಿ ಇಟ್ಟು ತೆಗೆದ ಸಾಲ. ಬ್ಯಾಂಕ್ ಅದರ ಪತ್ರ ನೋಂದಾಯಿಸಿದ್ದರೆ ಇ.ಸಿ.ಯಲ್ಲಿ ಬರುತ್ತದೆ, ಇಲ್ಲದಿದ್ದರೆ ಇಲ್ಲ. ಇದಕ್ಕೆ ಸರ್ಸಾಯ್ ಅನ್ನುವ ಕೇಂದ್ರ ನೋಂದಣಿ 2011ರಿಂದ ಇದೆ. ಬ್ಯಾಂಕುಗಳು ಇಂಥ ಸಾಲಗಳನ್ನು ಅಲ್ಲಿ ದಾಖಲಿಸಬೇಕು, ಸಣ್ಣ ಶುಲ್ಕ ಕಟ್ಟಿ ಸಾರ್ವಜನಿಕರೂ ಹುಡುಕಬಹುದು. ಆದರೆ ಇದಕ್ಕಿಂತ ಸುಲಭದ ಪರೀಕ್ಷೆ ಒಂದಿದೆ: ಮಾರುವವರಿಗೆ 'ಮೂಲ ಪತ್ರ ಕಣ್ಣಾರೆ ತೋರಿಸಿ' ಅನ್ನಿ. 'ಊರಲ್ಲಿ ಅಣ್ಣನ ಮನೆಯಲ್ಲಿದೆ', 'ಲಾಕರಿನ ಕೀ ಸಿಗುತ್ತಿಲ್ಲ' ಅಂದರೆ ಪತ್ರ ಎಲ್ಲೋ ಅಡಮಾನದಲ್ಲಿದೆ ಅಂತ ಅನುಮಾನ ಪಡಲು ನಿಮಗೆ ಹಕ್ಕಿದೆ. ಕಳೆದುಹೋಗಿದೆ ಅಂದರೆ ಪೊಲೀಸ್ ದೂರು, ಪತ್ರಿಕೆಯ ಪ್ರಕಟಣೆ ತೋರಿಸಲಿ.

ಎರಡನೆಯದು ಕೋರ್ಟು ಕೇಸು. ವಿಭಾಗದ ದಾವೆ ನಡೆಯುತ್ತಿರುವ ಆಸ್ತಿ ಕೊಂಡರೆ, ಆ ತೀರ್ಪು ನಿಮ್ಮನ್ನೂ ಕಟ್ಟಿಹಾಕುತ್ತದೆ, ನಿಮಗೆ ಕೇಸಿನ ಸುದ್ದಿ ಗೊತ್ತಿರಲಿ ಬಿಡಲಿ. ಇ-ಕೋರ್ಟ್ಸ್ ಜಾಲತಾಣದಲ್ಲಿ ಪಾರ್ಟಿ ಹೆಸರಿನಲ್ಲಿ ಹುಡುಕಿ. ಮಾರುವವರ ಹೆಸರು ಮಾತ್ರ ಸಾಲದು, ಹಿಂದಿನ ಮಾಲೀಕರು, ಮೂಲ ರೈತ, ಅವನ ಮಕ್ಕಳು, ಜಿಪಿಎ ಹೋಲ್ಡರ್, ಎಲ್ಲರ ಹೆಸರೂ ಹಾಕಿ. ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿನಲ್ಲೂ ನೋಡಿ, ಬೆಂಗಳೂರು ಗ್ರಾಮಾಂತರದ ಕೋರ್ಟುಗಳಲ್ಲೂ ನೋಡಿ. ಹೈಕೋರ್ಟಿಗೆ ಬೇರೆ ಹುಡುಕಾಟ. ತಹಶೀಲ್ದಾರ್, ಉಪವಿಭಾಗಾಧಿಕಾರಿಗಳ ಮುಂದಿನ ಕಂದಾಯ ತಕರಾರುಗಳು ಇಲ್ಲಿ ಬರುವುದಿಲ್ಲ, ಅವನ್ನು ಕಂದಾಯ ಇಲಾಖೆಯಲ್ಲೇ ವಿಚಾರಿಸಬೇಕು. ಪಿಟಿಸಿಎಲ್ ಅರ್ಜಿಗಳು ಇರುವುದು ಉಪವಿಭಾಗಾಧಿಕಾರಿಗಳ ಹತ್ತಿರವೇ.

ಇದೇ ನೀವು ಕೇಳಿದ್ದು ಫ್ಲ್ಯಾಟ್ ಆಗಿದ್ದರೆ ಹಾದಿ ಸ್ವಲ್ಪ ಹಗುರ. 500 ಚದರ ಮೀಟರಿಗಿಂತ ದೊಡ್ಡ ಜಾಗದ ಅಥವಾ ಎಂಟಕ್ಕಿಂತ ಹೆಚ್ಚು ಮನೆಗಳ ಹೊಸ ಯೋಜನೆಗಳು ರೇರಾದಲ್ಲಿ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿಯಾಗಿರಬೇಕು. ಬಿಲ್ಡರ್ ಸಲ್ಲಿಸಿದ ಕ್ರಯಪತ್ರ, ಇ.ಸಿ., ಮಂಜೂರಾದ ನಕ್ಷೆಗಳನ್ನು ಅವರ ಜಾಲತಾಣದಲ್ಲೇ ತೆರೆದು ಓದಬಹುದು. ಹುಬ್ಬಳ್ಳಿ, ಬೆಳಗಾವಿ ಕಡೆಯ ಓದುಗರಿಗೆ ಒಂದು ಮಾತು: ನಿಮ್ಮಲ್ಲಿ ಸಿಟಿ ಸರ್ವೆಯ ಸಿ.ಟಿ.ಎಸ್. ನಂಬರ್ ಮತ್ತು ಅದರ ಉತಾರ (ದಾಖಲೆಯ ನಕಲು) ಇದೆ. ಬೆಂಗಳೂರಿನ ಅಂಚಿನ ಸೈಟಿನವರಿಗೆ ಸಾಮಾನ್ಯವಾಗಿ ಆ ಸೌಕರ್ಯ ಇಲ್ಲ, ಅದಕ್ಕೇ ನಾವು ಇಷ್ಟೆಲ್ಲ ಸುತ್ತುವುದು.

ಭಾನುವಾರದ ಟೋಕನ್ ವಿಷಯಕ್ಕೆ ಬರುತ್ತೇನೆ. ನಾನಾಗಿದ್ದರೆ ಕೊಡುವುದಿಲ್ಲ. ಕಾವೇರಿಯ ಇ.ಸಿ., ಪಹಣಿ, ದಿಶಾಂಕ್, ಕೋರ್ಟು ಹುಡುಕಾಟ ಇವಿಷ್ಟನ್ನು ಭಾನುವಾರದೊಳಗೆ ಶುರು ಮಾಡಿ ಬಹುಪಾಲು ಮುಗಿಸಬಹುದು. ಅದರಲ್ಲೇ ಏನಾದರೂ ಎಡವಟ್ಟು ಕಂಡರೆ ವಕೀಲರ ಫೀಸೂ ಉಳಿಯಿತು. ಏನೂ ಕಾಣದಿದ್ದರೆ ಆಸ್ತಿ ಪತ್ರ ನೋಡಿ ಅನುಭವವಿರುವ ವಕೀಲರಿಗೆ ಇಡೀ ಕಟ್ಟು ಕೊಡಿ. ಹಳೇ ಇ.ಸಿ., ಸಿ.ಸಿ., ತಾಲ್ಲೂಕು ಕಡತಕ್ಕೆ ಇನ್ನೂ ಸಮಯ ಬೇಕಾಗುತ್ತದೆ. ಬೇರೆಯವರು ಕಾದಿದ್ದಾರೆ ಅಂತ ಬ್ರೋಕರ್ ಒತ್ತಾಯ ಮಾಡಿ, ನಿಮಗೂ ಸೈಟು ಬಿಡಲು ಮನಸ್ಸಿಲ್ಲದಿದ್ದರೆ ಸಣ್ಣ ಮೊತ್ತ ಕೊಡಿ. ನಗದು ಬೇಡ. ಮಾರುವವರ ಬ್ಯಾಂಕ್ ಖಾತೆಗೇ ಹಾಕಿ, ಬ್ರೋಕರ್ ಖಾತೆಗಲ್ಲ. ಹಾಕುವ ಮೊದಲು ಅವರ ಸಹಿ ಇರುವ ಒಂದು ಕಾಗದ ಮಾಡಿಕೊಳ್ಳಿ. 30 ವರ್ಷದ ಇ.ಸಿ., ಮೂಲ ಪತ್ರ, ಜಿಪಿಎ, ಪರಿವರ್ತನೆ ಆದೇಶವನ್ನು ಇಂಥ ತಾರೀಖಿನೊಳಗೆ ತೋರಿಸುತ್ತೇವೆ, ನಿಮ್ಮ ವಕೀಲರು ಒಪ್ಪದಿದ್ದರೆ ಹಣ ಪೂರ್ತಿ ವಾಪಸು ಅಂತ ಅದರಲ್ಲಿ ಬರೆದಿರಲಿ. ಇದಕ್ಕೆ ಸಹಿ ಹಾಕಲು ಅವರು ಒಪ್ಪದಿದ್ದರೆ ಬೇರೆ ಸೈಟು ನೋಡಿ.